ಕೈಗೂಡದ ಮೋಟಾರು ಕಾರ್ಖಾನೆ

ಮೋಟಾರು ವಾಹನಗಳ ವಾರ್ತೆಯನ್ನು ಚಟವೆಂಬಷ್ಟು ಆಸ್ಥೆಯಿಂದ ಓದುವವರಿಗೆ ವರ್ಷದಲ್ಲಿ ನಾಲ್ಕಾರು ಬಾರಿಯಾದರೂ ಒಂದೇ ಬಗೆಯ ಸುದ್ದಿ ಎದುರಾಗುತ್ತದೆ: ಇಂಥ ವಿದೇಶೀಯ ಸಂಸ್ಥೆಯು ಇಂಥ ರಾಜ್ಯದಲ್ಲಿ ಇಷ್ಟು ಸಾವಿರ ಕೋಟಿ ರೂಪಾಯಿಗಳ ವೆಚ್ಚದಲ್ಲಿ ಕಾರ್ಖಾನೆಯನ್ನು ಸ್ಥಾಪಿಸಲಿದೆ, ಇಷ್ಟು ಮಂದಿಗೆ ಉದ್ಯೋಗ ದೊರೆಯಲಿದೆ, ಒಡಂಬಡಿಕೆಯ ಪತ್ರಕ್ಕೆ ಮಂತ್ರಿಗಳ ಸಮಕ್ಷಮದಲ್ಲಿ ಅಂಕಿತ ಬಿದ್ದಿದೆ. ಪತ್ರಿಕೆಗಳು ಬಂಡವಾಳದ ಮೊತ್ತವನ್ನು ದಪ್ಪಕ್ಷರಗಳಲ್ಲಿ ಅಚ್ಚಿಸುತ್ತವೆ. ನಾನಾದರೋ ಆ ವಾರ್ತೆಯಲ್ಲಿ ಬೇರೊಂದು ಸಂಗತಿಯನ್ನು ಹುಡುಕುತ್ತೇನೆ. ಎಂಜಿನ್ನಿನ ಎರಕ ಎಲ್ಲಿ ಆಗುವುದು, ಗೇರುಗಳನ್ನು ಎಲ್ಲಿ ಕಡೆಯುವರು, ಒಡಲಿನ ಉಕ್ಕಿನ ಹಾಳೆಯನ್ನು ಒತ್ತುವ ಅಚ್ಚುಗಳು ಯಾರ ಸ್ವತ್ತು, ಹಡಗಿನಲ್ಲಿ ಬಂದ ಪೆಟ್ಟಿಗೆಗಳನ್ನು ಬಿಚ್ಚಿ ಬೋಲ್ಟು ಬಿಗಿಯುವುದಷ್ಟೇ ಇಲ್ಲಿನವರ ಪಾಲಿಗೆ ಬರುವುದೋ ಎಂಬ ವಿವರ ಅದು, ಮತ್ತು ಬಹುಮಟ್ಟಿಗೆ ಅದು ಅಲ್ಲಿ ಇರುವುದಿಲ್ಲ. ಈ ಪ್ರಶ್ನೆಯನ್ನು ನಮ್ಮ ದೇಶದಲ್ಲಿ ಹಟ ಹಿಡಿದು ಕೇಳಿದವರಲ್ಲಿ ಅಗ್ರಗಣ್ಯರು ಸರ್ ಎಂ. ವಿಶ್ವೇಶ್ವರಯ್ಯನವರು. ಕನ್ನಂಬಾಡಿಯ ಕಟ್ಟೆಯನ್ನೂ ಭದ್ರಾವತಿಯ ಕಬ್ಬಿಣವನ್ನೂ ಬಲ್ಲ ಕನ್ನಡಿಗರಲ್ಲಿ ಅನೇಕರಿಗೆ, ಅದೇ ಮಹನೀಯರು ತಮ್ಮ ವಾರ್ಧಕ್ಯದ ಹಲವು ವರ್ಷಗಳನ್ನು ಮೋಟಾರು ಕಾರ್ಖಾನೆಯೊಂದರ ಸಂಕಲ್ಪಕ್ಕೆ ತೆತ್ತರೆಂಬುದು ಅಷ್ಟಾಗಿ ತಿಳಿದಿಲ್ಲ.

ಆ ಕಾಲದ ಪರಿಸ್ಥಿತಿಯನ್ನು ಮೊದಲು ನೋಡಬೇಕು. ಫೋರ್ಡ್ ಸಂಸ್ಥೆಯು 1926ರಲ್ಲಿ ಭಾರತದಲ್ಲಿ ತನ್ನ ಶಾಖೆಯನ್ನು ತೆರೆದಿತ್ತು. ಜನರಲ್ ಮೋಟಾರ್ಸಿನವರು 1928ರಲ್ಲಿ ಬೊಂಬಾಯಿಯ ಶಿವಡಿಯಲ್ಲಿ ಕಾರ್ಖಾನೆಯೊಂದನ್ನು ಆರಂಭಿಸಿದ್ದರು. ಕಾರ್ಖಾನೆಯೆಂಬ ಹೆಸರು ಇವುಗಳಿಗೆ ಸಂದಿತಾದರೂ ಅಲ್ಲಿ ನಡೆಯುತ್ತಿದ್ದುದು ನಿರ್ಮಾಣವಲ್ಲ, ಜೋಡಣೆ. ಅಮೆರಿಕಾ, ಕೆನಡಾ ದೇಶಗಳಿಂದ ಬಿಡಿಬಿಡಿಯಾಗಿ ಬಂದ ಚಾಸಿ, ಎಂಜಿನ್, ಆಕ್ಸಲುಗಳನ್ನು ಒಂದುಗೂಡಿಸಿ, ಬಣ್ಣ ಬಳಿದು, ಟೈರು ತೊಡಿಸಿ ಹೊರಕ್ಕೆ ಬಿಡುತ್ತಿದ್ದರು. ಇಡಿಯ ಕಾರಿಗಿಂತ ಬಿಡಿಭಾಗಗಳು ಹಡಗಿನಲ್ಲಿ ಕಡಮೆ ಸ್ಥಳವನ್ನು ಆಕ್ರಮಿಸುತ್ತಿದ್ದುದರಿಂದ ಸಾಗಣೆಯ ವೆಚ್ಚ ಇಳಿಯುತ್ತಿತ್ತು. ಇಲ್ಲಿನ ಕೂಲಿ ಅಗ್ಗವಾಗಿತ್ತು. ಕಂಪೆನಿಗಳ ಲೆಕ್ಕ ಅಲ್ಲಿಗೆ ಮುಗಿಯುತ್ತಿತ್ತು. ಮೈಸೂರು ಸಂಸ್ಥಾನದ ದಾರಿಗಳಲ್ಲಿ ಓಡುತ್ತಿದ್ದ ಷೆವರ್ಲೆ ಬಸ್ಸುಗಳಾಗಲಿ, ತೋಟದ ಧಣಿಗಳ ಫೋರ್ಡುಗಳಾಗಲಿ, ಲಾರಿಗಳಾಗಲಿ, ಮರದ ಒಡಲೊಂದನ್ನು ಬಿಟ್ಟರೆ, ಸಮಗ್ರವೂ ಪರದೇಶದ ಪದಾರ್ಥಗಳೇ ಆಗಿದ್ದವು.

ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನು ತ್ಯಜಿಸಿ ಬಹುಕಾಲವಾಗಿತ್ತು. 1923ರಿಂದ ಆರು ವರ್ಷ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆಡಳಿತವನ್ನು ಹೊತ್ತು, ಮುಚ್ಚಿಹೋಗಲಿದ್ದ ಅದನ್ನು ಕಾಲಮೇಲೆ ನಿಲ್ಲಿಸಿದ್ದರು. ಟಾಟಾ ಕಬ್ಬಿಣ ಮತ್ತು ಉಕ್ಕಿನ ಸಂಸ್ಥೆಯ ನಿರ್ದೇಶಕರಲ್ಲಿ ಒಬ್ಬರಾಗಿದ್ದರು. 1934ರಲ್ಲಿ ಭಾರತಕ್ಕೆ ಯೋಜನಾಬದ್ಧವಾದ ಆರ್ಥಿಕ ವ್ಯವಸ್ಥೆ ಬೇಕೆಂದು ಗ್ರಂಥವನ್ನೇ ಬರೆದು ಪ್ರಕಟಿಸಿದ್ದರು. ಎಪ್ಪತ್ತನ್ನು ದಾಟಿದ ಆ ಪ್ರಾಯದಲ್ಲಿ, 1935ರಲ್ಲಿ, ಅವರು ಯುರೋಪು, ಅಮೆರಿಕಾಗಳಿಗೆ ತೆರಳಿ ಮೋಟಾರು ಕಾರ್ಖಾನೆಗಳನ್ನು ಕಂಡುಬಂದರು, ಮತ್ತು ಮರಳಿ ಬಂದ ಬಳಿಕ ಭಾರತದಲ್ಲಿ ಅಂಥದೊಂದನ್ನು ಕಟ್ಟುವ ಯೋಜನೆಯನ್ನು ಅಂಕಿ ಅಂಶಗಳ ಸಮೇತ ಸಿದ್ಧಪಡಿಸಿದರು. ಕಾರು ಅವರಿಗೆ ಶ್ರೀಮಂತರ ವಿಲಾಸದ ವಸ್ತುವಾಗಿ ತೋರಿರಲಿಲ್ಲ. ಒಂದು ಮೋಟಾರು ವಾಹನವನ್ನು ಪೂರ್ಣವಾಗಿ ಇಲ್ಲಿಯೇ ಮಾಡಬೇಕಾದರೆ ಉತ್ತಮ ದರ್ಜೆಯ ಉಕ್ಕು ಬೇಕು, ಎರಕದ ಮನೆ ಬೇಕು, ಕ್ರ್ಯಾಂಕ್‌ಷಾಫ್ಟನ್ನು ಬಡಿಯುವ ಹಾಗೂ ನುಣುಪಾಗಿ ಅರೆಯುವ ಯಂತ್ರಗಳು ಬೇಕು, ಗಾಜು, ರಬ್ಬರು, ಬಣ್ಣ, ಬ್ಯಾಟರಿ, ಬೇರಿಂಗುಗಳ ಸಣ್ಣ ಸಣ್ಣ ಉದ್ಯಮಗಳು ಸುತ್ತ ಹುಟ್ಟಬೇಕು. ಹೀಗೆ ಕಾರೊಂದು ನೆಪವಾಗಿ ದೇಶದ ಯಂತ್ರವಿದ್ಯೆಯೆಲ್ಲವೂ ಎಚ್ಚರಗೊಳ್ಳುವುದೆಂಬುದು ಅವರ ತರ್ಕವಾಗಿತ್ತು. ಆ ತರ್ಕದಲ್ಲಿ ಮೈಸೂರಿನ ಸ್ಥಾನವೂ ಸ್ಪಷ್ಟವಾಗಿಯೇ ಇತ್ತು: 1902ರಿಂದ ಶಿವನಸಮುದ್ರದ ವಿದ್ಯುಚ್ಛಕ್ತಿ, 1936ರ ಹೊತ್ತಿಗೆ ಭದ್ರಾವತಿಯಲ್ಲಿ ಉಕ್ಕು, ಬೆಂಗಳೂರಿನಲ್ಲಿ ಟಾಟಾ ವಿಜ್ಞಾನ ಮಂದಿರ, ಉದ್ಯಮಕ್ಕೆ ಒತ್ತಾಸೆಯಾಗಿದ್ದ ದಿವಾನ್ ಮಿರ್ಜಾ ಇಸ್ಮಾಯಿಲರ ಸರ್ಕಾರ.

ಬಂಡವಾಳಕ್ಕೆ ಒಬ್ಬ ಧೈರ್ಯಶಾಲಿ ಬೇಕಾಗಿದ್ದನು. ಸೊಲ್ಲಾಪುರದಲ್ಲಿ ಜನಿಸಿದ ವಾಲಚಂದ್ ಹೀರಾಚಂದರು ಆ ಸ್ಥಾನಕ್ಕೆ ಬಂದರು. ಬ್ರಿಟಿಷ್ ಹಡಗು ಕಂಪೆನಿಗಳ ವಿರುದ್ಧ 1919ರಲ್ಲಿ ಸಿಂಧಿಯಾ ಹಡಗು ಕಂಪೆನಿಯನ್ನು ನಿಲ್ಲಿಸಿ, ಸರ್ಕಾರದ ಅನಾದರವನ್ನೂ ಪ್ರತಿಸ್ಪರ್ಧಿಗಳ ದರಸಮರವನ್ನೂ ಸಹಿಸಿ ಗಟ್ಟಿಯಾಗಿದ್ದ ಆ ವ್ಯಕ್ತಿಗೆ ಅಸಾಧ್ಯವೆನ್ನಿಸಿದ ಕಾರ್ಯಗಳಲ್ಲೇ ಅಭಿರುಚಿ. ಬೊಂಬಾಯಿಯಲ್ಲಿ ಬಿ. ಜಿ. ಖೇರರ ಕಾಂಗ್ರೆಸ್ ಮಂತ್ರಿಮಂಡಲವು ಯೋಜನೆಗೆ ಸಹಾಯಹಸ್ತ ನೀಡಲು ಒಪ್ಪಿತ್ತು. ಆದರೆ 1939ರಲ್ಲಿ ಯುದ್ಧ ಸಿಡಿದು, ಪ್ರಾಂತಗಳ ಕಾಂಗ್ರೆಸ್ ಸರ್ಕಾರಗಳು ರಾಜೀನಾಮೆಯಿತ್ತು ಹೊರನಡೆದಾಗ ಆ ಆಸರೆ ತಪ್ಪಿತು. ಅದೇ ವರ್ಷ ವಾಲಚಂದರು ಅಮೆರಿಕಾಕ್ಕೆ ತೆರಳಿ ಅಲ್ಲಿನ ದೊಡ್ಡ ಕಂಪೆನಿಗಳ ಬಾಗಿಲುಗಳನ್ನು ಒಂದೊಂದಾಗಿ ತಟ್ಟಿದರು. ಫೋರ್ಡರೊಡನೆ ಮಾತು ಮುಂದುವರಿಯಲಿಲ್ಲ. ಬ್ರಿಟಿಷ್ ಸಾಮ್ರಾಜ್ಯದ ವಸಾಹತುಗಳಲ್ಲಿ ಫೋರ್ಡಿನ ಹಕ್ಕುಗಳು ಕೆನಡಾದ ಫೋರ್ಡ್ ಕಂಪೆನಿಯ ಕೈಯಲ್ಲಿದ್ದು, ಭಾರತದ ಪೇಟೆಗೆ ಕಾರು ಕಳುಹಿಸಿ ಲಾಭ ಪಡೆಯುತ್ತಿದ್ದ ಅವರಿಗೆ ಭಾರತೀಯರು ತಾವೇ ಕಾರು ಮಾಡುವುದರಲ್ಲಿ ಯಾವ ಹಿತವೂ ಕಾಣದಿದ್ದುದು ಸಹಜ. ಕ್ರೈಸ್ಲರ್ ಸಂಸ್ಥೆ ಮಾತ್ರ ಕಿವಿಗೊಟ್ಟಿತು; 1940ರಲ್ಲಿ ಅವರೊಡನೆ ಒಪ್ಪಂದವಾಯಿತು.

ಈ ಪ್ರವಾಸದಿಂದ ಮರಳುವ ದಾರಿಯಲ್ಲಿ, ಶಾಂತಸಾಗರವನ್ನು ದಾಟುವ ವಿಮಾನದಲ್ಲಿ, ಚೀನಾದಲ್ಲಿ ವಿಮಾನದ ಕಾರ್ಖಾನೆಯನ್ನು ನಡೆಸುತ್ತಿದ್ದ ವಿಲಿಯಂ ಪಾಲಿ ಎಂಬ ಅಮೆರಿಕನ್ನರು ವಾಲಚಂದರಿಗೆ ಸಹಪ್ರಯಾಣಿಕರಾಗಿ ದೊರೆತರು. ಮೋಟಾರು ಮಾಡಲು ಹೊರಟವರು ವಿಮಾನ ಮಾಡುವ ಮಾತನ್ನು ಅಲ್ಲಿಯೇ ಆರಂಭಿಸಿದರು! ಮುಂದಿನದನ್ನು ಬೆಂಗಳೂರಿನವರು ಬಲ್ಲರು. ಮಿರ್ಜಾ ಇಸ್ಮಾಯಿಲರು ನಗರದ ಪೂರ್ವಕ್ಕೆ ಏಳುನೂರು ಎಕರೆ ಭೂಮಿಯನ್ನು ಉಚಿತವಾಗಿ ಕೊಟ್ಟರು. ಸಂಸ್ಥಾನದ ಖಜಾನೆಯಿಂದ 25 ಲಕ್ಷ ರೂಪಾಯಿ ಹೂಡಿಕೆಯಾಯಿತು. 1940ರ ಡಿಸೆಂಬರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪೆನಿ ನೋಂದಣಿಯಾಯಿತು. 1941ರಲ್ಲೇ ಹಾರ್ಲೋ ಎಂಬ ಶಿಕ್ಷಣ ವಿಮಾನ ಅಲ್ಲಿಂದ ಮೇಲೇರಿತು. ಹಿಂದೂಸ್ಥಾನ ಸರ್ಕಾರದವರು ಮೊದಲು ಮೂರನೆಯ ಒಂದು ಪಾಲನ್ನೂ, 1942ರಲ್ಲಿ ವಾಲಚಂದರ ಪಾಲನ್ನೂ ಕೊಂಡು ಆಡಳಿತವನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ಯುದ್ಧಕ್ಕೆ ವಿಮಾನ ಬೇಕಿತ್ತು. ಅದಕ್ಕೆ ಅನುಮತಿ ದೊರೆತುದು ಆ ಕಾರಣದಿಂದ.

ಮೋಟಾರಿಗೆ ಆ ಭಾಗ್ಯ ಒದಗಲಿಲ್ಲ. ಬೊಂಬಾಯಿಯ ಬಾಗಿಲು ಮುಚ್ಚಿದ ಮೇಲೆ ವಿಶ್ವೇಶ್ವರಯ್ಯನವರೂ ವಾಲಚಂದರೂ ಬೆಂಗಳೂರಿನತ್ತ ತಿರುಗಿದ್ದರು. ಮೈಸೂರು ಸರ್ಕಾರವು ಪಾಲುಗೊಳ್ಳಲು ಒಲವು ತೋರಿತ್ತು. ಆದರೆ ಹಿಂದೂಸ್ಥಾನ ಸರ್ಕಾರವು ಮೋಟಾರು ಕಾರ್ಖಾನೆಯನ್ನು ಯುದ್ಧಕ್ಕೆ ಅವಶ್ಯವಾದ ಉದ್ಯಮವೆಂದು ಮನ್ನಿಸಲಿಲ್ಲ, ಮನ್ನಿಸದೆ ಹೋದುದರಿಂದ ಯಂತ್ರಗಳನ್ನು ತರಿಸಲು ಡಾಲರೂ ಇಲ್ಲ, ಹಡಗಿನಲ್ಲಿ ಜಾಗವೂ ಇಲ್ಲ. ಸಂಸ್ಥಾನವು ಒಳಾಡಳಿತದಲ್ಲಿ ಎಷ್ಟೇ ಪ್ರಗತಿಪರವಾಗಿದ್ದರೂ ಅದರ ಹೊರಬಾಗಿಲಿನ ಕೀಲಿ ದೆಹಲಿಯಲ್ಲಿತ್ತು. 1940ರ ಆಗಸ್ಟಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕಾಲವಾದರು. ಮರುವರ್ಷ ಮಿರ್ಜಾ ಇಸ್ಮಾಯಿಲರು ದಿವಾನಗಿರಿಯಿಂದ ನಿವೃತ್ತರಾದರು. ಸಂಕಲ್ಪವನ್ನು ಹಿಡಿದೆತ್ತಬಲ್ಲ ಕೈಗಳೂ ಹೀಗೆ ಬದಲಾದವು. ಆ ದಿನಗಳಲ್ಲಿ ವೈಸರಾಯರ ಕಾರ್ಯಕಾರೀ ಮಂಡಲದಲ್ಲಿ ವಾಣಿಜ್ಯ ಶಾಖೆಯ ಹೊಣೆ ಹೊತ್ತಿದ್ದ ಸರ್ ಎ. ರಾಮಸ್ವಾಮಿ ಮೊದಲಿಯಾರರೇ 1946ರಲ್ಲಿ ಮೈಸೂರಿನ ದಿವಾನರಾಗಿ ಬಂದುದು ಚರಿತ್ರೆಯ ವಿನೋದಗಳಲ್ಲೊಂದು.

ಇದನ್ನು ಕೇವಲ ಸಾಮ್ರಾಜ್ಯಶಾಹಿಯ ದುರ್ಬುದ್ಧಿಯೆಂದು ಬರೆದು ಮುಗಿಸುವ ವಾಡಿಕೆ ನಮ್ಮಲ್ಲುಂಟು. ನ್ಯಾಯವಾಗಿ ಹೇಳಬೇಕಾದರೆ, ಯುದ್ಧಕಾಲದಲ್ಲಿ ಯಂತ್ರೋಪಕರಣಗಳ ಅಭಾವ ನಿಜವಾದುದು. ಇಂಗ್ಲೆಂಡಿಗೇ ಅವು ಸಾಲುತ್ತಿರಲಿಲ್ಲ. ಆದರೂ ಆ ಅಭಾವದ ಹೊರೆ ಸಾಮ್ರಾಜ್ಯದ ಎಲ್ಲ ದೇಶಗಳ ಮೇಲೆ ಸಮನಾಗಿ ಬೀಳಲಿಲ್ಲವೆಂಬುದಕ್ಕೆ ಒಂದು ವಾಹನವೇ ಸಾಕ್ಷಿ. ಯುದ್ಧದ ವರ್ಷಗಳಲ್ಲಿ ಭಾರತದ ಸೈನ್ಯಕ್ಕೆಂದು ಸಾವಿರಾರು ಕವಚದ ಗಾಡಿಗಳು ಇಲ್ಲಿಯೇ ಸಿದ್ಧವಾದವು. ಅವುಗಳ ಕವಚದ ಉಕ್ಕು ಟಾಟಾ ಕಾರ್ಖಾನೆಯದು, ಅದನ್ನು ಕತ್ತರಿಸಿ ಜೋಡಿಸಿದವರು ರೈಲ್ವೆ ಕಮ್ಮಟಗಳ ಕೆಲಸಗಾರರು; ಚಾಸಿ ಮತ್ತು ಎಂಜಿನ್ ಮಾತ್ರ ಕೆನಡಾದ ಫೋರ್ಡಿನವು. ಯುದ್ಧ ಮುಗಿಯುವ ವೇಳೆಗೆ ಕೆನಡಾ ಲಕ್ಷೋಪಲಕ್ಷ ಸೈನಿಕ ವಾಹನಗಳನ್ನು ನಿರ್ಮಿಸಿ ಬಲಿಷ್ಠವಾದ ಉದ್ಯಮವೊಂದರ ಒಡೆತನ ಪಡೆದಿತ್ತು. ಗುಂಡನ್ನು ತಡೆಯುವ ಉಕ್ಕನ್ನು ಕಾಯಿಸಿ ಹದಗೊಳಿಸಬಲ್ಲ ಜನರಿಗೆ ಸಿಲಿಂಡರಿನ ಎರಕ ಬಾರದೆಂದು ಯಾರು ನಂಬಿಯಾರು?

ನಾಡಿನಲ್ಲಿ ಮೊದಲು ಸ್ಥಾಪಿತವಾದುದು 1942ರಲ್ಲಿ ಬಿರ್ಲಾ ಮನೆತನದ ಹಿಂದೂಸ್ಥಾನ್ ಮೋಟಾರ್ಸ್. ಅದು ಕಾಠೇವಾಡದ ಓಖಾ ಬಂದರಿನಲ್ಲಿ ಆರಂಭವಾಗಿ 1948ರಲ್ಲಿ ಬಂಗಾಳದ ಉತ್ತರಪಾಡಾಕ್ಕೆ ಸ್ಥಳಾಂತರಗೊಂಡಿತು. ವಾಲಚಂದರ ಪ್ರೀಮಿಯರ್ ಆಟೋಮೊಬೈಲ್ಸ್ 1944ರಲ್ಲಿ ರೂಪುಗೊಂಡು ಬೊಂಬಾಯಿಯ ಕುರ್ಲಾದಲ್ಲಿ ನೆಲೆಸಿ, ಯುದ್ಧಾನಂತರ ಕ್ರೈಸ್ಲರಿನ ಡಾಡ್ಜ್, ಪ್ಲಿಮತ್, ಡಿ ಸೋಟೊಗಳಿಂದ ತೊಡಗಿ, ಆಮೇಲೆ ಇಟಲಿಯ ಫಿಯೆಟ್ಟಿನ ಕೈ ಹಿಡಿಯಿತು. ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಕಂಪೆನಿ ಬಂದಿತು. 1953ರಲ್ಲಿ ಟ್ಯಾರಿಫ್ ಕಮಿಷನ್, ಕ್ರಮವಾಗಿ ಇಲ್ಲಿಯೇ ತಯಾರಿಸುವ ಕಾರ್ಯಕ್ರಮವಿಲ್ಲದ ಕಂಪೆನಿಗಳು ಬರಿಯ ಜೋಡಣೆಯನ್ನು ಮುಂದುವರಿಸಕೂಡದೆಂದು ಸಲಹೆಯಿತ್ತಾಗ, ಫೋರ್ಡ್ ಮತ್ತು ಜನರಲ್ ಮೋಟಾರ್ಸಿನವರು ಗಂಟುಮೂಟೆ ಕಟ್ಟಿದರು. ವಿಶ್ವೇಶ್ವರಯ್ಯನವರ ಮೂಲತತ್ತ್ವವು ಹೀಗೆ ಎರಡು ದಶಕ ತಡವಾಗಿ ರಾಷ್ಟ್ರದ ನೀತಿಯಾಯಿತು.

ತತ್ತ್ವ ಗೆದ್ದಿತು, ಕಾರು ಗೆಲ್ಲಲಿಲ್ಲ. ಇಲ್ಲಿ ನನ್ನ ಅಭಿಪ್ರಾಯವು ಅಂಬಾಸಡರಿನ ಭಕ್ತರಿಗೆ ಕಹಿಯಾಗಬಹುದು. ಉಕ್ಕಿನ ಒಡಲಿನ ಕಾರನ್ನು ಮಾಡುವಲ್ಲಿ ಬಹು ದುಬಾರಿಯಾದುದು ಎಂಜಿನ್ ಒಂದೇ ಅಲ್ಲ. ಬಾಗಿಲು, ಮಡ್‌ಗಾರ್ಡು, ಮೇಲ್ಛಾವಣಿಗಳನ್ನು ಒತ್ತಿ ತೆಗೆಯುವ ಡೈಗಳೂ ಹೌದು. ಆ ಭಾರಿ ಅಚ್ಚುಗಳ ವೆಚ್ಚವನ್ನು ಲಕ್ಷಗಟ್ಟಲೆ ಕಾರುಗಳ ಮೇಲೆ ಹಂಚಿದರೆ ಮಾತ್ರ ಕಾರು ಅಗ್ಗವಾದೀತು. ಇಲ್ಲಿಯಾದರೋ, 1970ರ ದಶಕದುದ್ದಕ್ಕೂ ದೇಶದ ಎಲ್ಲ ಕಾರು ಕಾರ್ಖಾನೆಗಳ ಒಟ್ಟು ಉತ್ಪನ್ನವು ವರ್ಷಕ್ಕೆ ಐವತ್ತು ಸಾವಿರವನ್ನು ಮುಟ್ಟಲಿಲ್ಲ. ಆದ್ದರಿಂದ ಇಂಗ್ಲೆಂಡಿನವರು ಬಳಸಿ ಬಿಟ್ಟ ಮಾರಿಸ್ ಆಕ್ಸ್‌ಫರ್ಡಿನ ಅಚ್ಚುಗಳು ಉತ್ತರಪಾಡಾಕ್ಕೆ ಬಂದವು; ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮರದ ಹಲಗೆಗಳು ಅಜ್ಜಿಯಿಂದ ಮೊಮ್ಮಗಳ ತನಕ ಒಂದೇ ಗಿಳಿ, ಒಂದೇ ಬೃಂದಾವನವನ್ನು ಮಾಡುತ್ತ ಸಾಗುವಂತೆ, ಅವು 1950ರ ದಶಕದ ಕೊನೆಯಿಂದ ಮುಂದಿನ ಶತಮಾನದ ತನಕ ಒಂದೇ ದುಂಡುಬೆನ್ನಿನ ಕಾರನ್ನು ಹೆತ್ತವು. 2014ರಲ್ಲಿ ಮಾತ್ರ ಅದು ನಿಂತಿತು. ಫಿಯೆಟ್ 1100, ಪ್ರೀಮಿಯರ್ ಪದ್ಮಿನಿಯೆಂದು ನಾಮಾಂತರ ಹೊಂದಿ ಶತಮಾನದ ಅಂತ್ಯದವರೆಗೆ ಬಾಳಿತು. ಪೂರ್ತಿ ನಿಂದಿಸುವುದೂ ತರವಲ್ಲ: ಮದರಾಸಿನವರು ಎರಡು ಬಾಗಿಲಿನ ಹೆರಾಲ್ಡಿಗೆ ಮೂಲ ಕಂಪೆನಿ ಎಂದೂ ಮಾಡದಿದ್ದ ನಾಲ್ಕು ಬಾಗಿಲಿನ ಒಡಲನ್ನು ತಾವೇ ರಚಿಸಿದರು. ಸಾಮರ್ಥ್ಯ ಇದ್ದಿತು, ಅದನ್ನು ಬಳಸಬೇಕೆಂಬ ಒತ್ತಾಯವಿರಲಿಲ್ಲ. 1959ರ ನಿಯಂತ್ರಣದ ಆಜ್ಞೆಯ ಅನ್ವಯ ಕಾರಿನ ಹಂಚಿಕೆಯೂ ಮಾರಾಟವೂ ಸರ್ಕಾರದ ಕಟ್ಟಿಗೆ ಒಳಪಟ್ಟವು. ಮುಂಗಡ ಕಟ್ಟಿದ ಗ್ರಾಹಕನು ವರ್ಷಗಟ್ಟಲೆ ಕಾದು ನಿಂತಿರುವಾಗ ಬ್ರೇಕು ಸುಧಾರಿಸಬೇಕಾದ ಗರಜು ಯಾವ ಕಾರ್ಖಾನೆಗಿದ್ದೀತು? ಬೆಂಗಳೂರಿನಲ್ಲಿ ವಿಶ್ವೇಶ್ವರಯ್ಯನವರ ಕಾರ್ಖಾನೆ ಎದ್ದಿದ್ದರೆ ಅದೂ ಇದೇ ಜಡತ್ವಕ್ಕೆ ಇಳಿಯುತ್ತಿತ್ತೆಂದೇ ನನ್ನ ಗುಮಾನಿ. 1940ರಲ್ಲಿ ತೊಡಗಿದ್ದರೆ ಪರ್ಮಿಟ್ಟುಗಳ ಕಾಲ ಬರುವ ಮುನ್ನ ಹತ್ತು ವರ್ಷಗಳ ಬಾಳು ದೊರೆಯುತ್ತಿತ್ತು, ಅಷ್ಟೇ ವ್ಯತ್ಯಾಸ. ಆ ಹತ್ತು ವರ್ಷ ಅಲ್ಪವಲ್ಲವೆಂದೂ ಒಪ್ಪುತ್ತೇನೆ.

ಕಾರು ಬಾರದಿದ್ದರೂ ಕಾರಿನ ಸುತ್ತಲಿನ ವಿದ್ಯೆ ಬೆಂಗಳೂರಿಗೆ ಬಂದಿತು. 1951ರಲ್ಲಿ ಜರ್ಮನಿಯ ಬಾಷ್ ಸಂಸ್ಥೆಯ ಸಹಯೋಗದಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪೆನಿ, ಅಂದರೆ ನಮ್ಮ ಮೈಕೋ, ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಪಂಪುಗಳನ್ನೂ ತಯಾರಿಸಿತು. ಡೀಸೆಲ್ ಪಂಪಿನ ಒಳಗಿನ ಪ್ಲಂಜರು, ಅದರ ಕೊಳವೆಯ ನಡುವಣ ಸಂದು ಕೂದಲೆಳೆಗಿಂತಲೂ ಎಷ್ಟೋ ಪಾಲು ಕಿರಿದು. ಅಂಥ ಸೂಕ್ಷ್ಮತೆಯನ್ನು ಸಹಸ್ರ ಸಹಸ್ರ ಸಂಖ್ಯೆಯಲ್ಲಿ ಸಾಧಿಸುವುದು ಬಾಗಿಲಿನ ತಗಡನ್ನು ಒತ್ತುವುದಕ್ಕಿಂತ ಹೆಚ್ಚಿನ ವಿದ್ಯೆ. ಜಾಲಹಳ್ಳಿಯ ಎಚ್‌.ಎಂ.ಟಿ. ಯಂತ್ರಗಳನ್ನು ಮಾಡುವ ಯಂತ್ರಗಳನ್ನು ನಿರ್ಮಿಸಿತು. ವಿಮಾನ ಕಾರ್ಖಾನೆಯ ರೈಲುಡಬ್ಬಿಯ ವಿಭಾಗವು 1964ರಲ್ಲಿ ಪ್ರತ್ಯೇಕಗೊಂಡು ಬಿ.ಇ.ಎಂ.ಎಲ್. ಆಯಿತು. ಇವುಗಳ ತರಬೇತಿ ಶಾಲೆಗಳಿಂದ ಹೊರಬಂದ ಟರ್ನರು, ಫಿಟ್ಟರುಗಳು ತಮ್ಮದೇ ಲೇತುಗಳನ್ನು ಹಾಕಿಕೊಂಡು ಗಲ್ಲಿಗಲ್ಲಿಗಳಲ್ಲಿ ನೆಲೆಸಿದರು. ಜೆ. ಸಿ. ರಸ್ತೆ, ಕಲಾಸಿಪಾಳ್ಯಗಳಲ್ಲಿ ಸಿಗದ ಬಿಡಿಭಾಗವಿಲ್ಲವೆಂಬ ಪ್ರತೀತಿ ಬೆಳೆದುದೂ, ಹಳೆಯ ಎಂಜಿನ್ನನ್ನು ಬೋರ್ ಮಾಡಿಸಲು, ಜಜ್ಜಿದ ಒಡಲನ್ನು ಟಿಂಕರಿಂಗ್ ಮೇಸ್ತ್ರಿಯ ಕೈಗೊಪ್ಪಿಸಲು ದೂರದೂರದ ಜಿಲ್ಲೆಗಳಿಂದ ಜನ ಅಲ್ಲಿಗೆ ಬಂದುದೂ ಈ ಕಾಲದಲ್ಲೇ. ಹೊಸ ಕಾರು ದುರ್ಲಭವಾಗಿದ್ದ ದೇಶದಲ್ಲಿ ಹಳೆಯದನ್ನು ಬದುಕಿಸುವ ಮೇಸ್ತ್ರಿಯೇ ನಿಜವಾದ ಕಾರು ತಯಾರಕನಾಗಿದ್ದನು.

ಮೈಸೂರು ಸೀಮೆಯಲ್ಲಿ ಅಲ್ಲಿಂದ ಮುಂದೆ ನಡೆದ ಪ್ರಯತ್ನಗಳೆಲ್ಲವೂ ಅಚ್ಚಿನ ಈ ಸಮಸ್ಯೆಯನ್ನು ಬಳಸಿ ಹೋಗಲು ಮಾಡಿದ ಉಪಾಯಗಳೆಂದು ನನಗೆ ತೋರುತ್ತದೆ. 1961ರಲ್ಲಿ ಮೈಸೂರಿನ ಯಾದವಗಿರಿಯಿಂದ ಜಾವಾ ಮೋಟಾರು ಸೈಕಲ್ಲುಗಳು ಹೊರಡತೊಡಗಿದವು. ಎರಡು ಚಕ್ರದ ವಾಹನಕ್ಕೆ ಒಡಲೇ ಇಲ್ಲವಾದ್ದರಿಂದ ಆ ಚಿಂತೆಯೂ ಇಲ್ಲ. ಶತಾಯುಷಿಗಳಾಗಿ 1962ರ ಏಪ್ರಿಲಿನಲ್ಲಿ ವಿಶ್ವೇಶ್ವರಯ್ಯನವರು ಕಣ್ಮುಚ್ಚಿದಾಗ, ಮೈಸೂರಿನ ನೆಲದಲ್ಲಿ ಸಿದ್ಧವಾಗಿ ಜನಸಾಮಾನ್ಯರ ಕೈಸೇರುತ್ತಿದ್ದ ವಾಹನ ಅದು. 1970ರ ದಶಕದ ನಡುವೆ ಬೆಂಗಳೂರಿನ ಸಿಪಾನಿಯವರ ಸಂಸ್ಥೆ ಉಕ್ಕನ್ನೇ ಕೈಬಿಟ್ಟು ಫೈಬರ್‌ಗ್ಲಾಸಿನ ಒಡಲಿನ, ಮೂರು ಚಕ್ರಗಳ ‘ಬಾದಲ್’ ಕಾರನ್ನು ತಂದಿತು. ಆಮೇಲೆ ಇಂಗ್ಲೆಂಡಿನ ರಿಲಯಂಟ್ ಕಿಟನ್ನಿನ ಆಧಾರದಿಂದ ‘ಡಾಲ್ಫಿನ್’ ಬಂದಿತು. ಫೈಬರ್‌ಗ್ಲಾಸಿಗೆ ಪ್ರೆಸ್ಸು ಬೇಡ, ಕೈಯಿಂದಲೇ ಪದರ ಪದರವಾಗಿ ಹಚ್ಚಿ ಒಡಲನ್ನು ತೆಗೆಯಬಹುದು. 848 ಸಿ.ಸಿ.ಯ ಅಲ್ಯುಮಿನಿಯಂ ಎಂಜಿನ್ನಿನ ಹಗುರವಾದ ಡಾಲ್ಫಿನ್ ಆ ಕಾಲದ ಅಂಬಾಸಡರುಗಳ ಮುಂದೆ ಜಿಂಕೆಯೇ ಸರಿ, ಪಂದ್ಯಪ್ರಿಯರು ಅದನ್ನು ಮೆಚ್ಚಿದುದು ಅಚ್ಚರಿಯಲ್ಲ. ಆದರೆ ಎರಡೇ ಬಾಗಿಲಿನ ಕಾರಿನ ಹಿಂದಿನ ಸೀಟಿಗೆ ಸೀರೆಯುಟ್ಟ ಅತ್ತೆಯನ್ನು ಹತ್ತಿಸಬೇಕಾದ ಗೃಹಸ್ಥನು ಅದನ್ನು ಮೆಚ್ಚಲಿಲ್ಲ. ನಾಲ್ಕು ಬಾಗಿಲಿನ ‘ಮೊಂಟಾನಾ’ ಬರುವ ಹೊತ್ತಿಗೆ, 1983ರ ಡಿಸೆಂಬರಿನಲ್ಲಿ ಹೊರಬಂದ ಮಾರುತಿಯು ಪೇಟೆಯನ್ನು ಗೆದ್ದಾಗಿತ್ತು. ಜಪಾನಿನ ಸುಜುಕಿಯವರ ಅಚ್ಚು, ಲಕ್ಷಗಟ್ಟಲೆ ಸಂಖ್ಯೆ, ಸರ್ಕಾರದ ಬಂಡವಾಳ, ಈ ಮೂರೂ ಕೂಡಿದ ಎದುರಾಳಿಯ ಮುಂದೆ ಕೈಗೆಲಸದ ಕಾರು ನಿಲ್ಲುವುದು ಸಾಧ್ಯವಿರಲಿಲ್ಲ.

ಚೇತನ್ ಮೈನಿಯವರ ‘ರೇವಾ’ 2001ರಲ್ಲಿ ಬೊಮ್ಮಸಂದ್ರದಿಂದ ಹೊರಟಾಗಲೂ ಉಪಾಯ ಅದೇ: ಕೊಳವೆಗಳ ಹಂದರ, ಅದರ ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ. ಲಂಡನ್ನಿನ ಬೀದಿಗಳಲ್ಲಿ ಜಿ-ವಿಜ್ ಎಂಬ ಹೆಸರಿನಿಂದ ಓಡಾಡಿ ಹೊಗಳಿಕೆಯನ್ನೂ ಅಪಹಾಸ್ಯವನ್ನೂ ಗಳಿಸಿದ ಆ ವಿದ್ಯುತ್ ಕಾರು ಬಂದುದು ಕಾಲಕ್ಕಿಂತ ಮೊದಲೇ ಎಂದು ಹೇಳುವವರೊಡನೆ ನನಗೆ ಅಷ್ಟಾಗಿ ಸಹಮತವಿಲ್ಲ. ಸೀಸದ ಬ್ಯಾಟರಿಯ, ಇಬ್ಬರು ದೊಡ್ಡವರು ಇಬ್ಬರು ಮಕ್ಕಳಷ್ಟೇ ಹಿಡಿಸುವ ಕಾರನ್ನು ಯಾವ ಕಾಲಕ್ಕೆ ತಂದಿದ್ದರೂ ನಮ್ಮವರು ಚೌಕಾಸಿ ಮಾಡಿ ಹಿಂದಿರುಗುತ್ತಿದ್ದರು. 2010ರಲ್ಲಿ ಆ ಸಂಸ್ಥೆ ಮಹೀಂದ್ರಾದವರ ವಶವಾಯಿತು. ಅಷ್ಟರಲ್ಲಿ ಬೆಂಗಳೂರಿನ ಪಶ್ಚಿಮಕ್ಕೆ ಬಿಡದಿಯಲ್ಲಿ, 1999ರ ಕೊನೆಗೆ, ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ ನಿಜವಾದ ಉಕ್ಕಿನ ಕಾರುಗಳನ್ನು ನಿಜವಾದ ಪ್ರೆಸ್ಸುಗಳಿಂದ ತೆಗೆಯತೊಡಗಿತ್ತು. ಇಂಡೊನೇಷ್ಯಾದಲ್ಲಿ ಪಳಗಿದ ಕಿಜಾಂಗಿನ ವಂಶದ ಕ್ವಾಲಿಸ್ ನೋಡಲು ಪೆಟ್ಟಿಗೆಯಂತಿದ್ದರೂ ಕೆಡದ ಗಾಡಿಯೆಂಬ ಕೀರ್ತಿ ಪಡೆದು, ಬಾಡಿಗೆ ಓಡಿಸುವವರ ಬದುಕನ್ನೇ ಬದಲಿಸಿತು. ಕನ್ನಡನಾಡಿನಲ್ಲಿ ದೊಡ್ಡ ಪ್ರಮಾಣದ ಕಾರು ಕಾರ್ಖಾನೆಯೊಂದು ಏಳಲು ಆ 1935ರ ಪ್ರವಾಸದಿಂದ ಅರುವತ್ತನಾಲ್ಕು ವರ್ಷ ಬೇಕಾಯಿತು, ಮತ್ತು ಅದರ ರೇಖಾಚಿತ್ರಗಳು ಜಪಾನಿನಿಂದ ಬಂದವು.

ಈಗಿನ ವಾರ್ತೆಗಳಲ್ಲಿ ಮೊಳಗುತ್ತಿರುವುದು ವಿದ್ಯುತ್ ಸ್ಕೂಟರುಗಳ ಹೆಸರು. ಏಥರ್, ಓಲಾ ಎರಡೂ ಬೆಂಗಳೂರಿನ ಸಂಸ್ಥೆಗಳು. ವಾಹನದ ಚಿತ್ತವೆನ್ನಬಹುದಾದ ವಿನ್ಯಾಸವೂ ತಂತ್ರಾಂಶವೂ ಇಲ್ಲಿಯೇ ಹುಟ್ಟುತ್ತವೆ. ಏಥರ್ ಮೊದಲು ವೈಟ್‌ಫೀಲ್ಡಿನಲ್ಲಿ ತಯಾರಿಕೆ ನಡೆಸಿ 2021ರಲ್ಲಿ ತಮಿಳುನಾಡಿನ ಹೊಸೂರಿಗೆ ತೆರಳಿತು. ಓಲಾ ತನ್ನ ಕಾರ್ಖಾನೆಯನ್ನು ಕೃಷ್ಣಗಿರಿಯ ಬಳಿ ಕಟ್ಟಿತು. ಭೂಮಿ, ನೀರು, ಬಿಡಿಭಾಗ ಒದಗಿಸುವವರ ಸಾಮೀಪ್ಯ, ತೆರಿಗೆಯ ರಿಯಾಯಿತಿ, ಎಲ್ಲಕ್ಕೂ ಸಕಾರಣವಾದ ಲೆಕ್ಕಗಳಿವೆ, ಉದ್ಯಮಿಗಳನ್ನು ಅದಕ್ಕಾಗಿ ದೂರುವುದು ವ್ಯರ್ಥ. ಗಡಿಯಾಚೆಗೆ ಹೋದುದಕ್ಕೆ ನಮ್ಮ ಪತ್ರಿಕೆಗಳಲ್ಲಿ ಪರಿತಾಪದ ಲೇಖನಗಳು ಬಂದಷ್ಟು, ಆ ಸ್ಕೂಟರುಗಳ ಬ್ಯಾಟರಿಯ ಸೆಲ್ಲುಗಳಲ್ಲಿ ಬಹುಪಾಲು ಚೀನಾ, ಕೊರಿಯಾಗಳಿಂದ ಪೆಟ್ಟಿಗೆಗಳಲ್ಲಿ ಬರುತ್ತಿರುವುದರ ಬಗೆಗೆ ಬರಲಿಲ್ಲ. ನನ್ನ ಮಟ್ಟಿಗೆ ಅದು ದೊಡ್ಡ ಸುದ್ದಿ. ಹೊಸೂರು ನಮ್ಮಿಂದ ನಲವತ್ತು ಕಿಲೋಮೀಟರು ಮಾತ್ರ.